ಹಾಸಿಗೆ ಇದ್ದಷ್ಟು ಸ್ಟುಡಿಯೋ!

ಈ ವಾರ ಮುಹೂರ್ತದ ಸುದ್ದಿ ಇಲ್ಲ, ನಾಯಕಿಯರ ಮದುವೆ ಸುದ್ದಿ ಇಲ್ಲ, ಯಾವ ಹೀರೋ ಯಾವ ನಿರ್ದೇಶಕರ ಜೊತೆ ಮಾತು ಬಿಟ್ಟರು ಎಂಬ ಸುದ್ದಿಯಂತೂ ಇಲ್ಲವೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಸು ಕೊಟ್ಟು ಪತ್ರಿಕೆ ಕೊಂಡವರು ದಯವಿಟ್ಟು ಬೈದುಕೊಳ್ಳಬೇಡಿ. ಪುಟ ತಿರುಗಿಸಿ, ಅವೆಲ್ಲ ಬೇರೆ ಕಡೆ ಇದ್ದೇ ಇರುತ್ತವೆ. ಈ ಅಂಕಣ ಮಾತ್ರ ಈ ಸಲ ಒಂದೇ ಒಂದು ಪತ್ರಕ್ಕೆ ಮೀಸಲು.

ಪತ್ರ ಬಂದಿರೋದು ತಿಪಟೂರು ಕಡೆಯಿಂದ. ಬರೆದವನಿಗೆ ಇಪ್ಪತ್ತೆರಡು ವರ್ಷ. ಹಗಲು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವ ಮುಗಿಯುವವರೆಗೆ ರಾತ್ರಿ ಹೊತ್ತು ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ. ಸ್ವಂತ ಹಾಡುಗಳೂ ಹತ್ತು ಹನ್ನೆರಡು ಇವೆಯಂತೆ. ಪತ್ರದ ಮುಖ್ಯ ಭಾಗ ಇದು :

"ಅಣ್ಣಾ, ಮನೆಯಲ್ಲೇ ಒಂದು ರೆಕಾರ್ಡಿಂಗ್ ಸ್ಟುಡಿಯೋ ಮಾಡಬೇಕೂಂತ ಇದ್ದೀನಿ. ಗೊತ್ತಿರೋರೊಬ್ಬರು ಲಿಸ್ಟ್ ಹಾಕಿ ಕೊಟ್ಟಿದಾರೆ. ಒಟ್ಟು 1,85,000 ರೂಪಾಯಿ ಆಗುತ್ತೆ. ಅಮ್ಮನ ಎರಡೆಳೆ ಅವಲಕ್ಕಿ ಸರ ಅಡ ಇಟ್ಟರೆ ಅಷ್ಟು ಹುಟ್ಟುತ್ತೆ. ಅಮ್ಮ ಒಪ್ಪಿದಾರೆ. ರೆಹಮಾನ್ ಅವರ ತಾಯೀನೂ ಒಡವೆ ಕೊಟ್ಟೇ ತಾನೇ ಅವರು ಶುರು ಮಾಡಿದ್ದು? ಲಿಸ್ಟ್ ಸರಿಯಾಗಿದೆಯಾ ಅಂತ ಒಂದು ಸಲ ನೋಡಿ ಹೇಳಿ ಅಣ್ಣಾ."

ನೋಡಿದಿರಾ.... ಸರ ಅಡ ಇಡಲೇ ಬೇಡವೇ ಅಂತ ಹುಡುಗ ಕೇಳಿಲ್ಲ. ಅದು ಆಗಲೇ ತೀರ್ಮಾನ ಆಗಿದೆ. ಕೇಳಿರೋದು ಲಿಸ್ಟ್ ಬಗ್ಗೆ ಮಾತ್ರ. ಆದ್ದರಿಂದ ಲಿಸ್ಟನ್ನೇ ನೋಡೋಣ. ಆದರೆ ಅದಕ್ಕೂ ಮೊದಲು ರೆಹಮಾನ್ ಅವರ ಮಾತು ಬಂತಲ್ಲ, ಅದನ್ನು ಮುಗಿಸಿಬಿಡೋಣ. ಯಾಕಂದ್ರೆ ಇಂಥ ಕಥೆಗಳನ್ನು ನಾವು ಸಿನಿಮಾ ಪತ್ರಿಕೆಯವರು ಅರ್ಧ ಹೇಳಿ, ಇನ್ನರ್ಧ ನುಂಗಿ, ಎಷ್ಟೋ ಮನೆ ಹಾಳು ಮಾಡಿದ್ದೇವೆ.

ತಮ್ಮಾ, ನೀನು ಹೇಳಿದ್ದು ಸುಳ್ಳಲ್ಲ. ಮದರಾಸಿನ ಕೋಡಂಬಾಕ್ಕಂನಲ್ಲಿ ಮನೆಯ ಪಕ್ಕದಲ್ಲೇ ಸ್ಟುಡಿಯೋ ಕಟ್ಟಿಕೊಂಡಾಗ ಒಳಗೆ ಒಂದು ಏ.ಸಿ., ಒಂದು ಶೆಲ್ಫು, ಒಂದು ಕಾರ್ಪೆಟ್ಟು ಬಿಟ್ಟರೆ ಏನೂ ಇರಲಿಲ್ಲ, ತಾಯಿ ಒಡವೆ ಅಡ ಇಡಲು ಕೊಟ್ಟ ಮೇಲೆ ಮೊದಲ ರೆಕಾರ್ಡರ್ ಬಂತು ಅಂತ ರೆಹಮಾನ್ ಅವರೇ ಹೇಳಿಕೊಂಡಿದ್ದಾರೆ. 1992ರ 'ರೋಜಾ' ಬಂದಿದ್ದು ಅದಾದ ಮೇಲೆ. ಇಷ್ಟು ಎಲ್ಲರಿಗೂ ಗೊತ್ತು. ಉಳಿದಿದ್ದು ಕೇಳು. ಅವರ ತಂದೆ ಆರ್.ಕೆ. ಶೇಖರ್ ಸಿನಿಮಾ ಸಂಗೀತದವರು. ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ಅವರು ಬಿಟ್ಟುಹೋದ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಸಂಸಾರ ನಡೆಯಿತು. ಹುಡುಗ ಶಾಲೆ ಬಿಟ್ಟು ಇಳೆಯರಾಜ ಮೊದಲಾದವರ ವಾದ್ಯವೃಂದದಲ್ಲಿ ಕೀಬೋರ್ಡ್ ನುಡಿಸಿದ, ಆಮೇಲೆ ಜಾಹೀರಾತುಗಳಿಗೆ ಸಂಗೀತ ಕೊಟ್ಟ. ಅಂದರೆ ತಾಯಿಯ ಒಡವೆ ಅಡಕ್ಕೆ ಹೋಗುವ ಹೊತ್ತಿಗೆ ಆತ ಸಂಗೀತದಿಂದಲೇ ಎಷ್ಟೋ ವರ್ಷ ಮನೆಗೆ ಅನ್ನ ತಂದಿದ್ದ! ಬಂದ ಯಂತ್ರ ಮಾರನೇ ದಿನದಿಂದಲೇ ದುಡಿಯುವುದು ಖಾತ್ರಿಯಿತ್ತು. ನಿನ್ನ 1,85,000 ರೂಪಾಯಿಯ ಯಂತ್ರಕ್ಕೆ ಮಾರನೇ ದಿನ ಏನು ಕೆಲಸ ಇದೆ? ಇದ್ದರೆ ಬರಿ. ಪತ್ರದಲ್ಲಂತೂ ಇಲ್ಲ.

ಇನ್ನು ಲಿಸ್ಟು. ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಅಂಗಡಿಯವರು ಮುಖ್ಯವಾದದ್ದನ್ನು ಯಾವತ್ತೂ ಕೊನೆಗೇ ಬರೆಯೋದು.

'ಗೋಡೆಗೆ ಫೋಮ್ ಶೀಟ್, 40.' ಒಂದಿಂಚಿನ ಕಪ್ಪು ಸ್ಪಂಜು. ಟೀವಿ ಸಂದರ್ಶನಗಳಲ್ಲಿ ಗಾಯಕರ ಹಿಂದೆ ಕಾಣುತ್ತಲ್ಲ, ಅದೇ. ಇಷ್ಟು ತೆಳ್ಳಗಿನ ಫೋಮು ಎತ್ತರದ ಸ್ವರಗಳನ್ನು ಮಾತ್ರ ನುಂಗುತ್ತದೆ, ಕೆಳಗಿನ ಸ್ವರಗಳನ್ನು ಮುಟ್ಟುವುದೇ ಇಲ್ಲ. ಕೋಣೆಗೆ ಜಲದೋಷ ಬಂದ ಹಾಗಾಗುತ್ತೆ ಅಷ್ಟೆ. ಪಕ್ಕದ ಮನೆಯ ಮಿಕ್ಸಿ ಸದ್ದನ್ನು ತಡೆಯುತ್ತೆ ಅಂತ ತಿಳಿದಿದ್ದರೆ ಆ ಆಸೆಯನ್ನು ಇಲ್ಲೇ ಬಿಡು. ಹೊರಗಿನ ಸದ್ದನ್ನು ತಡೆಯೋದೇ ಬೇರೆ, ಒಳಗಿನ ಪ್ರತಿಧ್ವನಿಯನ್ನು ಇಂಗಿಸೋದೇ ಬೇರೆ. ಮೊದಲನೆಯದಕ್ಕೆ ಗೋಡೆಯ ತೂಕ ಬೇಕು, ಬಾಗಿಲ ಸಂದಿ ಮುಚ್ಚಬೇಕು, ದುಡ್ಡು ನೀರಿನ ಹಾಗೆ ಹೋಗುತ್ತೆ. ಎರಡನೆಯದಕ್ಕೆ ಹಾಸಿಗೆ ಸಾಕು. ಅದನ್ನು ಆಮೇಲೆ ಹೇಳ್ತೀನಿ. (ಮೊಟ್ಟೆ ಟ್ರೇ ಅಂಟಿಸಿದರೆ ಹೇಗೆ ಅಂತ ಕೇಳುವವರಿಗೆ : ಮೊಟ್ಟೆ ಇಡಲಿಕ್ಕೆ ಅದರಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ಸಂಗೀತಕ್ಕೆ ಉಪಯೋಗವಿಲ್ಲ, ಬೆಂಕಿ ತಗುಲಿದರೆ ಮಾತ್ರ ಬಹಳ ಚೆನ್ನಾಗಿ ಉರಿಯುತ್ತೆ.)

'ಎಂಟಿಂಚಿನ ಸ್ಪೀಕರ್, ಒಂದು ಜೊತೆ.' ನಿನ್ನ ಕೋಣೆ ಹತ್ತಡಿಗೆ ಹತ್ತಡಿ ಅಂತ ಬರೆದಿದ್ದೀಯ. ಎದುರುಬದುರು ಗೋಡೆಗಳ ನಡುವೆ ಹತ್ತಡಿ ಇದ್ದರೆ 56 ಹರ್ಟ್ಸ್ ಆಸುಪಾಸಿನ ಸದ್ದು ಅಲ್ಲೇ ಸಿಕ್ಕಿಕೊಂಡು ಗುಂಯ್‌ಗುಡುತ್ತೆ. ಚೌಕ ಕೋಣೆಯಾದ್ದರಿಂದ ಎರಡೂ ದಿಕ್ಕಿನಲ್ಲಿ ಅದೇ ಸದ್ದು. ಅಂಥ ಕೋಣೆಯಲ್ಲಿ ದೊಡ್ಡ ಸ್ಪೀಕರ್ ಇಟ್ಟರೆ ಡೋಲು ಬಾರಿಸಿದ್ದು ಹಾಡಿನಲ್ಲೋ ಕೋಣೆಯಲ್ಲೋ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಹೊಡೆದುಹಾಕು. ಸದ್ಯಕ್ಕೆ ಹೆಡ್‌ಫೋನು ಸಾಕು.

'ಎಂಟು ಮೈಕಿನ ಇಂಟರ್‌ಫೇಸ್.' ಇಂಟರ್‌ಫೇಸ್ ಅಂದರೆ ಮೈಕಿನಿಂದ ಬಂದ ಸದ್ದನ್ನು ಕಂಪ್ಯೂಟರಿಗೆ ತಿಳಿಯುವ ಅಂಕಿಗಳಾಗಿ ಮಾಡುವ ಪೆಟ್ಟಿಗೆ. ಅದು ಬೇಕೇ ಬೇಕು. ಆದರೆ ಎಂಟು ಯಾಕೆ? ನಿನಗಿರೋದು ಒಂದೇ ಗಂಟಲು. ಹಾರ್ಮೋನಿಯಮ್ಮೋ ಗಿಟಾರೋ ಜೊತೆಗಿದ್ದರೆ ಎರಡು. ಒಂದು ಮೈಕಿನದು, ಹೆಚ್ಚೆಂದರೆ ಎರಡು ಮೈಕಿನದು ಸಾಕು.

'ಬಣ್ಣದ ದೀಪದ ಕಂಪ್ಯೂಟರ್.' ಇದರ ಬಗ್ಗೆ ನಾನೇನೂ ಹೇಳಲ್ಲ. ದೀಪ ಹಾಡುವುದಿಲ್ಲ.

'ಕಂಡೆನ್ಸರ್ ಮೈಕ್.' ಆಹಾ.... ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಇದು ನನ್ನದೇ ಕಥೆ.

* * *

ಪಿ.ಯು.ಸಿ. ಎರಡನೇ ವರ್ಷದಲ್ಲಿ ಕಾಲೇಜಿಗೆ ನಮಸ್ಕಾರ ಹಾಕಿದವನು ನಾನು. ಹಾಕುವ ಮುಂಚೆ ಪರೀಕ್ಷೆ ಶುಲ್ಕಕ್ಕೆಂದು ಅಪ್ಪ ಕೊಟ್ಟಿದ್ದ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು 'ಸಂಪೂರ್ಣ ಸ್ಟುಡಿಯೋ ಕಿಟ್' ತರಿಸಿದೆ. ಚಿನ್ನದ ಬಣ್ಣದ ಮೈಕು, ಮಡಚುವ ಕೈ, ತಲೆಗೆ ಸ್ಪಂಜಿನ ಟೋಪಿ. ನೋಡಿದರೆ ಲತಾ ಮಂಗೇಶ್ಕರ್ ಅವರೇ ಬಂದು ಹಾಡಬೇಕು, ಹಾಗಿತ್ತು! ಲ್ಯಾಪ್‌ಟಾಪಿಗೆ ಸಿಕ್ಕಿಸಿ 'ಹಲೋ' ಅಂದೆ. ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅಂತು. ನನ್ನ 'ಹಲೋ' ಆ ಜೇನುನೊಣಗಳ ನಡುವೆ ಎಲ್ಲೋ ಕಳೆದುಹೋಗಿತ್ತು.

ಒಂದು ತಿಂಗಳಾದ ಮೇಲೆ ತಿಳಿಯಿತು, ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕರೆಂಟ್ ಬೇಕು ಅಂತ. ಅದು ಇಂಟರ್‌ಫೇಸಿನಿಂದಲೇ ತಂತಿ ಮೂಲಕ ಹೋಗಬೇಕು, ಅದಕ್ಕೆ ಫ್ಯಾಂಟಮ್ ಪವರ್ ಅಂತ ಹೆಸರು. ಲ್ಯಾಪ್‌ಟಾಪಿನ ಸಣ್ಣ ತೂತಿನಲ್ಲಿ ಅಷ್ಟು ಕರೆಂಟ್ ಎಲ್ಲಿಂದ ಬರಬೇಕು? ಸರಿ, ಅದಕ್ಕೊಂದು ಪೆಟ್ಟಿಗೆ ತಂದೆ. ಈಗ ನನ್ನ ಧ್ವನಿ ಸೊಗಸಾಗಿ ಕೇಳಿಸಿತು. ಜೊತೆಗೆ ಫ್ಯಾನು, ಗೋಡೆ ಗಡಿಯಾರ, ಅಡುಗೆಮನೆಯ ಒಗ್ಗರಣೆ, ರಸ್ತೆಯ ಸೊಪ್ಪಿನವಳು, ಮೂರನೇ ಮನೆಯ ನಾಯಿ.... ಎಲ್ಲವೂ ಅಷ್ಟೇ ಸೊಗಸಾಗಿ ಕೇಳಿಸಿದವು! ಕಂಡೆನ್ಸರ್ ಮೈಕು ಅಂದರೆ ಹಾಗೆಯೇ. ಬಹಳ ಸೂಕ್ಷ್ಮ ಕಿವಿ. ಒಳ್ಳೆಯ ಕೋಣೆಯಲ್ಲಿ ಅದು ದೇವರು, ನಿನ್ನ ನನ್ನ ಕೋಣೆಯಲ್ಲಿ ಚಾಡಿಕೋರ.

ಅದಕ್ಕೇ ಹೇಳೋದು, ಮೊದಲ ಮೈಕು ಡೈನಮಿಕ್ ಆಗಿರಲಿ. ಆರ್ಕೆಸ್ಟ್ರಾದಲ್ಲಿ ಕೈಯಲ್ಲಿ ಹಿಡಿದು ಹಾಡ್ತೀಯಲ್ಲ, ಅದೇ ಜಾತಿ. ಹತ್ತಿರದಿಂದ ಹಾಡಿದ್ದನ್ನು ಮಾತ್ರ ಗಮನಿಸುತ್ತೆ, ದೂರದ್ದನ್ನು ಅಷ್ಟಾಗಿ ಹಚ್ಚಿಕೊಳ್ಳಲ್ಲ. ಶೂರ್ ಕಂಪನಿಯ ಎಸ್‌ಎಂ 58 ಎಂಬ ಮೈಕು 1966ರಿಂದ ಇವತ್ತಿನವರೆಗೂ ಲೋಕದ ವೇದಿಕೆಗಳಲ್ಲೆಲ್ಲ ಬಾಳಿಕೆ ಬರುತ್ತಿದೆ. ಈಗ ಅದರ ಬೆಲೆ ಹತ್ತು ಸಾವಿರದ ಆಸುಪಾಸು. ಅಷ್ಟೂ ಬೇಡ, ಎರಡು ಸಾವಿರದ ಸುತ್ತಮುತ್ತ ಬೆಹ್ರಿಂಗರ್ ಎಕ್ಸ್‌ಎಂ 8500 ತರಹದವು ಸಿಗುತ್ತವೆ. ಮೈಕ್‌ಸೆಟ್ಟಿನವರ ಹತ್ತಿರ ಅಹುಜಾ ಮೈಕು ಇದ್ದರೆ ಅದನ್ನೇ ಒಂದು ವಾರ ಕೇಳಿ ತಂದು ಪ್ರಯೋಗ ಮಾಡು. ಆದರೆ ಒಂದು ಎಚ್ಚರಿಕೆ. ಅಂಥ ಮೈಕಿನ ಜೊತೆ ಬರುವ ವೈರಿನ ತುದಿಯಲ್ಲಿ ಸಾಮಾನ್ಯವಾಗಿ ಆಂಪ್ಲಿಫೈಯರಿನ ಉದ್ದ ಪಿನ್ ಇರುತ್ತೆ. ಅದನ್ನು ಇಂಟರ್‌ಫೇಸಿಗೆ ಹಾಕಿದರೆ ಸದ್ದು ಬಾವಿಯೊಳಗಿಂದ ಬಂದ ಹಾಗಿರುತ್ತೆ. ಎರಡೂ ಕಡೆ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಪಿನ್ ಇರುವ ವೈರು ಬೇಕು. ನಾಲ್ಕೈದು ನೂರು ರೂಪಾಯಿಯ ಈ ವೈರು ಗೊತ್ತಿಲ್ಲದೆ ಒಳ್ಳೆಯ ಮೈಕನ್ನು 'ಕೆಟ್ಟಿದೆ' ಅಂತ ಮಾರಿದವರನ್ನು ನಾನು ಬಲ್ಲೆ.

ಒಟ್ಟು ಲೆಕ್ಕ ಹಾಕು. ಮೈಕು ಎರಡು ಸಾವಿರ, ಒಂದು ಮೈಕಿನ ಇಂಟರ್‌ಫೇಸು ಐದಾರು ಸಾವಿರ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ಮೂರು ನಾಲ್ಕು ಸಾವಿರ, ಸ್ಟ್ಯಾಂಡೂ ವೈರೂ ಸೇರಿ ಒಂದೂವರೆ ಸಾವಿರ. ಹದಿನೈದು ಸಾವಿರದ ಒಳಗೆ ಬಂತು. ಬೆಲೆ ತಿಂಗಳಿಂದ ತಿಂಗಳಿಗೆ ಹೆಚ್ಚು ಕಡಿಮೆ ಆಗುತ್ತೆ, ಆದರೆ 1,85,000ಕ್ಕೆ ಹೋಗಲ್ಲ! ಹೆಡ್‌ಫೋನು ವೈರಿನದೇ ಇರಲಿ, ಬ್ಲೂಟೂತ್ ಬೇಡ. ಅದರಲ್ಲಿ ಸದ್ದು ತಡವಾಗಿ ಬರುತ್ತೆ, ತಾಳ ತಪ್ಪಿಹೋಗುತ್ತೆ. ಕಂಪ್ಯೂಟರು ಹೊಸದೇ ಆಗಬೇಕಿಲ್ಲ. ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಹಳೇ ಲ್ಯಾಪ್‌ಟಾಪ್ ಸಿಗುತ್ತೆ. ಬ್ಯಾಟರಿ ಮಾತ್ರ ನೋಡಿ ತಗೋ, ಯಾಕೆಂದು ಮುಂದೆ ಹೇಳ್ತೀನಿ. ಸಾಫ್ಟ್‌ವೇರಿಗೆ ದುಡ್ಡೇ ಬೇಡ. ಅಡಾಸಿಟಿ ಪೂರ್ತಿ ಬಿಟ್ಟಿ. ಹಲವು ಟ್ರ್ಯಾಕ್ ಸೇರಿಸಿ ಕೆಲಸ ಮಾಡಲು ರೀಪರ್ ಅನುಕೂಲ. ಅದನ್ನು 60 ದಿನ ಎಲ್ಲ ಸೌಲಭ್ಯದ ಜೊತೆ ಉಪಯೋಗಿಸಿ ನೋಡಲು ಬಿಡುತ್ತಾರೆ, ಹಿಡಿಸಿದರೆ ಆಮೇಲೆ 60 ಡಾಲರ್ ಕೊಟ್ಟು ಲೈಸೆನ್ಸ್ ತಗೊಳ್ಳಬೇಕು. ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ವೈರಸ್ ಸಾಕಬೇಡ.

* * *

ಸ್ಟುಡಿಯೋ ಅಂದ ಕೂಡಲೇ ನಮಗೆ ದೊಡ್ಡ ಹಾಲು, ಗಾಜಿನ ಕಿಟಕಿ, ನೂರು ಗುಂಡಿಯ ಮೇಜು ಕಣ್ಣಮುಂದೆ ಬರುತ್ತೆ. ತಪ್ಪಲ್ಲ. ಹಿಂದೆ ಹಾಗೇ ಇತ್ತು. ಕನ್ನಡ ಚಿತ್ರದ ಹಾಡಾದರೂ ರೆಕಾರ್ಡಿಂಗಿಗೆ ರೈಲು ಹತ್ತಿ ಮದರಾಸಿಗೆ ಹೋಗಬೇಕಿತ್ತು. ಪಿಟೀಲಿನವರು, ತಬಲದವರು, ಕೊಳಲಿನವರು, ಹಾಡುವವರು ಎಲ್ಲರೂ ಒಂದೇ ಹೊತ್ತಿಗೆ ಕೂತು ಆರಂಭದಿಂದ ಅಂತ್ಯದವರೆಗೆ ಒಂದೇ ಏಟಿಗೆ ಮುಗಿಸಬೇಕು. ಹಿಂದಿನ ಸಾಲಿನ ಒಬ್ಬ ಪಿಟೀಲಿನವನು ಅಪಸ್ವರ ಎಳೆದರೆ ಎಲ್ಲಾ ಮತ್ತೆ ಮೊದಲಿಂದ! ಅಷ್ಟು ಜನಕ್ಕೆ ಅಷ್ಟು ದೊಡ್ಡ ಜಾಗ ಬೇಕಿತ್ತು. ಶಂಕರ್‌ನಾಗ್ 1980ರ ದಶಕದಲ್ಲಿ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಮಾಡಿದಾಗ ನಮ್ಮವರಿಗೆ ಅದು ಎಷ್ಟು ದೊಡ್ಡ ಸಂಗತಿ ಅಂತ ಹಳಬರನ್ನು ಕೇಳಬೇಕು.

ಆದರೆ ಆಗಲೇ ಇನ್ನೊಂದು ಕಡೆ ಇನ್ನೊಂದು ಆಟ ಶುರುವಾಗಿತ್ತು. 1979ರಲ್ಲಿ ಜಪಾನಿನ ಟ್ಯಾಸ್ಕಾಮ್ ಕಂಪನಿ 'ಪೋರ್ಟಾಸ್ಟುಡಿಯೋ' ಅಂತ ಒಂದು ಪೆಟ್ಟಿಗೆ ತಂದಿತು. ಮಾಮೂಲು ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಬೇರೆ ಬೇರೆಯಾಗಿ ಹಾಕಬಹುದು. ಮೊದಲು ಗಿಟಾರ್ ನುಡಿಸಿಕೊ, ಅದನ್ನು ಕೇಳುತ್ತಾ ಹಾಡು, ಇನ್ನೊಂದರಲ್ಲಿ ಇನ್ನೇನೋ ಸೇರಿಸು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಗಾಯಕ, ಆಗಲೇ ದೊಡ್ಡ ಸ್ಟಾರು, ಬೇಕಿದ್ದರೆ ಸ್ಟುಡಿಯೋವನ್ನೇ ಕೊಳ್ಳಬಹುದಿತ್ತು. ಆತ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಈ ಪೆಟ್ಟಿಗೆ ಇಟ್ಟುಕೊಂಡು, ಎರಡೇ ಎರಡು ಶೂರ್ ಎಸ್‌ಎಂ 57 ಡೈನಮಿಕ್ ಮೈಕಿನಲ್ಲಿ, ಹೊಸ ಹಾಡುಗಳನ್ನು ನೆನಪಿಗಿರಲಿ ಅಂತ ಹಾಡಿಟ್ಟ. ಆಮೇಲೆ ಪೂರ್ತಿ ತಂಡದ ಜೊತೆ ದೊಡ್ಡ ಸ್ಟುಡಿಯೋದಲ್ಲಿ ಅದೇ ಹಾಡುಗಳನ್ನು ಪ್ರಯತ್ನಿಸಿದರು. ಊಹೂಂ.... ಕ್ಯಾಸೆಟ್ಟಿನಲ್ಲಿದ್ದ ಆ ಒಂಟಿತನ ಬರಲೇ ಇಲ್ಲ! ಕೊನೆಗೆ ಅದೇ ಕ್ಯಾಸೆಟ್ಟನ್ನೇ 'ನೆಬ್ರಾಸ್ಕಾ' ಎಂಬ ಆಲ್ಬಂ ಆಗಿ ಹೊರತಂದರು. ಆ ಕ್ಯಾಸೆಟ್ಟು ಹುಟ್ಟಿದ ಕಥೆಯ ಮೇಲೆ 2025ರಲ್ಲಿ ಒಂದು ಹಾಲಿವುಡ್ ಸಿನಿಮಾನೇ ಬಂತು. ಆಯ್ತಲ್ಲ, ಸಿನಿಮಾ ಸುದ್ದಿ ಇಲ್ಲ ಅನ್ನಬೇಡಿ!

ಆ ಕ್ಯಾಸೆಟ್ ಪೆಟ್ಟಿಗೆಗೆ ಇದ್ದದ್ದು ನಾಲ್ಕೇ ಟ್ರ್ಯಾಕು. ನಿನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಇಪ್ಪತ್ತು ಮೂವತ್ತು ಹಾಕಬಹುದು. ನಿನಗೆ ಕಡಿಮೆ ಇರುವುದು ಯಂತ್ರ ಅಲ್ಲ ತಮ್ಮಾ, ಕೋಣೆ.

ಕೋಣೆಯ ಪರೀಕ್ಷೆಗೆ ದುಡ್ಡು ಬೇಡ. ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ಹೊಡಿ. ಸಿಮೆಂಟು ಗೋಡೆ, ಆರ್.ಸಿ.ಸಿ. ತಾರಸಿ, ಗ್ರಾನೈಟ್ ನೆಲವಾದರೆ ಚಪ್ಪಾಳೆಯ ಹಿಂದೆ 'ಝಣ್' ಅಂತ ಒಂದು ಬಾಲ ಬರುತ್ತೆ. ಈಗ ಅದೇ ಚಪ್ಪಾಳೆಯನ್ನು ಬಟ್ಟೆ ತುಂಬಿದ ಬೀರು ತೆರೆದು ಅದರ ಮುಂದೆ ಹೊಡಿ. ಬಾಲ ಮೊಂಡಾಗಿರುತ್ತೆ. ಆ ಬಾಲ ಹಾಡಿನೊಳಗೆ ಸೇರಿದರೆ ಯಾವ ಸಾಫ್ಟ್‌ವೇರಿನಿಂದಲೂ ಚೊಕ್ಕಟವಾಗಿ ತೆಗೆಯಲಾಗದು. ಬಚ್ಚಲುಮನೆಯಲ್ಲಿ ಹಾಡಿದರೆ ನಮ್ಮ ಧ್ವನಿ ನಮಗೇ ಇಂಪು ಅನ್ನಿಸುತ್ತಲ್ಲ, ಆ ಮೋಸವೂ ಇದೇ ಬಾಲದ್ದು.

ಹತ್ತಿ ಹಾಸಿಗೆ ಇದೆ ತಾನೇ ಮನೆಯಲ್ಲಿ? ದಪ್ಪ ಕಂಬಳಿ, ರಗ್ಗು? ಕೋಣೆಯ ಒಂದು ಮೂಲೆಗೆ ಎರಡು ಹಗ್ಗ ಕಟ್ಟಿ, ಗೋಡೆಗೆ ಅಂಟಿಸದೆ ನಾಲ್ಕಾರು ಇಂಚು ಬಿಟ್ಟು ಅವನ್ನು ತೂಗುಹಾಕು. ಗಾಳಿಗೆ ಜಾಗ ಬಿಟ್ಟಷ್ಟೂ ಇನ್ನಷ್ಟು ಕೆಳಗಿನ ಸ್ವರವನ್ನು ಇಂಗಿಸುತ್ತೆ. ಈಗ ಮುಖ್ಯ ಮಾತು : ಆ ಮೂಲೆಗೆ ಬೆನ್ನು ಕೊಟ್ಟು ನಿಂತು ಕೋಣೆಯ ಕಡೆಗೆ ಹಾಡು. ಎಲ್ಲರೂ ಮೈಕಿನ ಹಿಂದುಗಡೆ ಕಂಬಳಿ ಕಟ್ಟುತ್ತಾರೆ, ನಾನೂ ಎರಡು ವರ್ಷ ಹಾಗೇ ಕಟ್ಟಿದ್ದೆ. ಮೈಕು ನೋಡುವುದು ನಿನ್ನ ಕಡೆಗೆ. ಅದರ ಕಿವಿಗೆ ಬೀಳುವುದು ನಿನ್ನ ಬಾಯಿ, ಅದರ ಜೊತೆ ನಿನ್ನ ಬೆನ್ನ ಹಿಂದಿನ ಗೋಡೆ. ಆದ್ದರಿಂದ ಕಂಬಳಿ ಬೆನ್ನಿಗೆ. ಒಂದನ್ನು ತಲೆಯ ಮೇಲೂ ಚಪ್ಪರದ ಹಾಗೆ ಎಳೆದರೆ ಇನ್ನೂ ವಾಸಿ. ಒಳಗೆ ನಿಂತರೆ ಬೆವರು ಕಿತ್ತುಕೊಂಡು ಬರುತ್ತೆ, ಬರಲಿ. ಫ್ಯಾನು ಹಾಕುವ ಹಾಗಿಲ್ಲ.

ಫ್ರಿಜ್ಜನ್ನೂ ಆರಿಸಬೇಕು. ಆರಿಸಿ ಮರೆತು ಹಾಲು ಒಡೆದು ಅಮ್ಮನ ಕೈಲಿ ಬೈಸಿಕೊಳ್ಳಬಾರದು ಅಂದರೆ ಬೈಕಿನ ಕೀಲಿಕೈಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡು. ಹೊರಗೆ ಹೊರಟಾಗ ಕೀಲಿಗಾಗಿ ಅದನ್ನು ತೆರೆಯಲೇಬೇಕು, ಸ್ವಿಚ್ಚು ನೆನಪಾಗುತ್ತೆ! ಇನ್ನು ಹಳೇ ಮನೆಗಳಲ್ಲಿ ಅರ್ತಿಂಗ್ ಸರಿ ಇಲ್ಲದೆ ಮೈಕಿನಲ್ಲಿ 'ಹೂಂ....' ಅಂತ ಒಂದೇ ಶ್ರುತಿ ಹಿಡಿದ ಹಾಗೆ ಸದ್ದು ಬರುತ್ತೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸು, ಬಹುಪಾಲು ಅಲ್ಲಿಗೇ ನಿಲ್ಲುತ್ತೆ. ಬ್ಯಾಟರಿ ನೋಡಿ ತಗೋ ಅಂದದ್ದು ಇದಕ್ಕೇ. ಇನ್ನೊಂದು ಲಾಭ ಇದೆ. ಸಣ್ಣ ಇಂಟರ್‌ಫೇಸುಗಳು ಲ್ಯಾಪ್‌ಟಾಪಿನ ಯು.ಎಸ್.ಬಿ.ಯಿಂದಲೇ ಕರೆಂಟ್ ತಗೊಳ್ಳುತ್ತವೆ. ಹಾಗಾಗಿ ಊರಿಗೆಲ್ಲ ಕರೆಂಟ್ ಹೋದಾಗಲೇ ನಿನ್ನ ಸುಮುಹೂರ್ತ! ಪಕ್ಕದ ಮನೆ ಟೀವಿ ಬಂದ್, ಮಿಕ್ಸಿ ಬಂದ್, ಎದುರುಗಡೆ ಹಿಟ್ಟಿನ ಗಿರಣಿ ಬಂದ್. ಲೋಡ್‌ಶೆಡ್ಡಿಂಗಿಗೆ ಶಾಪ ಹಾಕದ ಒಬ್ಬನೇ ಪ್ರಜೆ ನೀನಾಗಿರ್ತೀಯ.

ಮೈಕಿನಿಂದ ಬಾಯಿಗೆ ಅರ್ಧ ಗೇಣು ದೂರ ಇರಲಿ. ತೀರಾ ಹತ್ತಿರ ಬಂದರೆ ಧ್ವನಿ ಗಡುಸಾಗಿ ಭಾರವಾಗುತ್ತೆ. ಆರ್ಕೆಸ್ಟ್ರಾದವರಿಗೆ ಮೈಕನ್ನು ತುಟಿಗೆ ಒತ್ತಿಕೊಳ್ಳುವ ಅಭ್ಯಾಸ, ಅದನ್ನು ಬಿಡಬೇಕು. ನಮ್ಮ ಭಾಷೆಯ ಪ, ಫ, ಬ, ಭ ಬಂದಾಗಲೆಲ್ಲ ಬಾಯಿಂದ ಗಾಳಿ ನುಗ್ಗಿ 'ಧಬ್' ಅನ್ನುತ್ತೆ. ಅದಕ್ಕೆ ಅಕ್ಕತಂಗಿಯರು ಕಸೂತಿ ಹಾಕುವ ದುಂಡನೆಯ ರಿಂಗಿಗೆ ಹಳೇ ನೈಲಾನ್ ಕಾಲುಚೀಲ ಬಿಗಿದು ಮೈಕಿನ ಮುಂದೆ ಕಟ್ಟು. ಅಂಗಡಿಯಲ್ಲಿ ಇದಕ್ಕೇ 'ಪಾಪ್ ಫಿಲ್ಟರ್' ಅಂತ ಹೆಸರಿಟ್ಟು ಬೇರೆ ದರ ಹಾಕುತ್ತಾರೆ. ಹಾಡುವಾಗ ನಿನ್ನದೇ ಧ್ವನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿ ಗಲಿಬಿಲಿಯಾದರೆ ಇಂಟರ್‌ಫೇಸಿನ ಮೇಲೆ 'ಡೈರೆಕ್ಟ್ ಮಾನಿಟರ್' ಅಂತ ಗುಂಡಿ ಇದೆಯಾ ನೋಡು. ಅದನ್ನು ಒತ್ತಿದರೆ ಕಂಪ್ಯೂಟರನ್ನು ಸುತ್ತಿಬರದೆ ನೇರವಾಗಿ ಕಿವಿಗೆ ಬರುತ್ತೆ. ಶ್ರುತಿಯನ್ನು ಫೋನಿನಲ್ಲಿ ಹೊರಗೆ ಹಾಕಬೇಡ, ಹೆಡ್‌ಫೋನಿನೊಳಗೇ ಇರಲಿ, ಇಲ್ಲದಿದ್ದರೆ ಅದೂ ಮೈಕಿಗೆ ಸೇರುತ್ತೆ.

* * *

ಈಗ ಒಂದು ವಿಷಯ ಉಳಿಯಿತು. ಇದನ್ನು ನಿಧಾನವಾಗಿ ಓದು.

ಇಂಟರ್‌ಫೇಸಿನಲ್ಲಿ 'ಗೇನ್' ಅಂತ ಒಂದು ಗುಂಡಿ ಇರುತ್ತೆ. ಅದರ ಪಕ್ಕ ಸಣ್ಣ ದೀಪ. ಹಸಿರಿದ್ದರೆ ಸರಿ, ಕೆಂಪು ಬಂದರೆ ಸದ್ದು ಅಳತೆ ಮೀರಿತು ಅಂತ ಅರ್ಥ. ಹಳೇ ಟೇಪಿನಲ್ಲಿ ಸ್ವಲ್ಪ ಮೀರಿದರೆ ಟೇಪು ಸಹಿಸಿಕೊಳ್ಳುತ್ತಿತ್ತು, ಕೆಲವೊಮ್ಮೆ ಅದೇ ಇಂಪಾಗಿ ಕೇಳುತ್ತಿತ್ತು. ಕಂಪ್ಯೂಟರು ಹಾಗಲ್ಲ. ಅದರ ಪಾತ್ರೆಗೆ ಒಂದು ಅಂಚಿದೆ. ಅಂಚಿನ ಮೇಲೆ ಬಂದದ್ದನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸಿಬಿಡುತ್ತೆ. ಕತ್ತರಿಸಿದ್ದು ಎಲ್ಲೂ ಉಳಿಯುವುದಿಲ್ಲ.

ನಮ್ಮ ಅಜ್ಜಿ ಕಡೂರು ಸೀಮೆಯವರು. ಸೋಬಾನೆ ಪದ, ಬೀಸೋ ಪದ ಅವರ ಬಾಯಲ್ಲಿ ಎಷ್ಟಿದ್ದವೋ ಲೆಕ್ಕವಿಲ್ಲ. ನನ್ನ ಹತ್ತಿರ ಒಂದು ಒಳ್ಳೆ ಇಂಟರ್‌ಫೇಸು ಬಂದ ಮೇಲೆ ಊರಿಗೆ ಹೊತ್ತುಕೊಂಡು ಹೋದೆ. ಅಜ್ಜಿಯನ್ನು ಕೂರಿಸಿ "ಏನಾದ್ರೂ ಮಾತಾಡಜ್ಜಿ" ಅಂದೆ. ಅವರು ಮೆಲ್ಲಗೆ "ಏನ್ ಮಾತಾಡ್ಲೋ, ಊಟ ಮಾಡಿದ್ಯಾ?" ಅಂದರು. ಆ ಮಾತಿಗೆ ತಕ್ಕ ಹಾಗೆ ಗೇನ್ ಇಟ್ಟೆ. ಆಮೇಲೆ ಅವರು ಹಾಡಲು ಶುರುಮಾಡಿದರು. ಮಾತಿನಲ್ಲಿ ಅಷ್ಟು ಮೆತ್ತಗಿದ್ದ ಗಂಟಲು, ಹಾಡಿನಲ್ಲಿ ಚಪ್ಪರದ ಆಚೆಗೂ ಕೇಳಬೇಕು ಅನ್ನುವ ಹಾಗೆ ಎದ್ದಿತು. ಮದುವೆಮನೆಯಲ್ಲಿ ಮೈಕಿಲ್ಲದೆ ಹಾಡಿದ ಗಂಟಲು ಅದು. ನಾನು ಅವರ ಮುಖ ನೋಡುತ್ತಾ ಕೂತಿದ್ದೆ. ದೀಪ ನೋಡಲಿಲ್ಲ. ಮೂವತ್ತು ನಲವತ್ತು ನಿಮಿಷ, ಆರು ಪದ.

ಬೆಂಗಳೂರಿಗೆ ಬಂದು ಕೇಳಿದರೆ ಎತ್ತರಿಸಿ ಹಾಡಿದ ಕಡೆಯೆಲ್ಲ ಕರಕರ. ಹರಿದ ಸ್ಪೀಕರಿನ ಹಾಗೆ. ಇನ್ನೊಂದು ಸಲ ಹೋಗಿ ಹಾಡಿಸಿದರಾಯ್ತು ಅಂದುಕೊಂಡೆ. ದಸರಾಕ್ಕೆ ಹೋಗಲಿಲ್ಲ, ದೀಪಾವಳಿಗೆ ಯಾವುದೋ ಚಿತ್ರದ ಬಿಡುಗಡೆ ಗಲಾಟೆ. ಸಂಕ್ರಾಂತಿಗೆ ಮುಂಚೆ ಅಜ್ಜಿ ಹೋಗಿಬಿಟ್ಟರು. ಕತ್ತರಿಸಿದ್ದನ್ನು ರಿಪೇರಿ ಮಾಡುವ ಸಾಫ್ಟ್‌ವೇರುಗಳಿವೆ, ಎಲ್ಲವನ್ನೂ ಹಾಕಿ ನೋಡಿದ್ದೇನೆ. ಅವು ಇದ್ದಿರಬಹುದಾದ್ದನ್ನು ಊಹಿಸಿ ತುಂಬುತ್ತವೆ, ಇದ್ದದ್ದನ್ನು ತರಲಾರವು. ಆರರಲ್ಲಿ ಎರಡು ಪದ ಕೇಳುವ ಹಾಗಿವೆ. ಉಳಿದ ನಾಲ್ಕು ಹಾರ್ಡ್‌ಡಿಸ್ಕಿನಲ್ಲಿವೆ. ಅಳಿಸಲು ಮನಸ್ಸಿಲ್ಲ, ಕೇಳಲೂ ಆಗೋದಿಲ್ಲ. ಆ ಇಂಟರ್‌ಫೇಸು ಹದಿಮೂರು ಸಾವಿರದ್ದು. ಅದು ಲಕ್ಷದ್ದಾಗಿದ್ದರೂ ಆಗುತ್ತಿದ್ದದ್ದು ಇದೇ.

ಆದ್ದರಿಂದ ಸಾಫ್ಟ್‌ವೇರಿನಲ್ಲಿ 24 ಬಿಟ್ ಅಂತ ಇಟ್ಟುಕೋ. ಹಾಡಿನಲ್ಲಿ ಅತಿ ಎತ್ತರದ ಜಾಗ ಯಾವುದಿದೆಯೋ ಅದನ್ನೇ ಮೊದಲು ಹಾಡಿ, ಅಲ್ಲಿ ಮೀಟರಿನ ಮುಳ್ಳು ಮೈನಸ್ 12ರ ಹತ್ತಿರ ನಿಲ್ಲುವ ಹಾಗೆ ಗೇನ್ ಇಡು. ಸದ್ದು ಕಡಿಮೆಯಾಯಿತಲ್ಲ ಅನ್ನಿಸುತ್ತೆ. ಚಿಂತೆಯಿಲ್ಲ. 24 ಬಿಟ್ಟಿನಲ್ಲಿ ಕಡಿಮೆಯಾದದ್ದನ್ನು ಆಮೇಲೆ ಎತ್ತಬಹುದು. ನಿಮಿಷಕ್ಕೆ ಎಂಟೂವರೆ ಎಂ.ಬಿ.ಯಷ್ಟು ಜಾಗ ಹಿಡಿಯುತ್ತೆ ಅಷ್ಟೆ. ಹಾಡಿದ್ದನ್ನು ಎರಡು ಕಡೆ ಇಡು, ಲ್ಯಾಪ್‌ಟಾಪಿನಲ್ಲೊಂದು, ಬೇರೆ ಡಿಸ್ಕಿನಲ್ಲೊಂದು.

ಇನ್ನು ಸಂಪಾದನೆ ಮಾತು. ಸಿನಿಮಾ ಹಾಡು ಹಾಡಿ ಯೂಟ್ಯೂಬಿಗೆ ಹಾಕಿ ದುಡ್ಡು ಮಾಡ್ತೀನಿ ಅಂತ ಲೆಕ್ಕ ಹಾಕಿದ್ದರೆ ತಡಿ. ಗಂಟಲು ನಿನ್ನದಾದರೂ ಸಾಹಿತ್ಯ, ರಾಗ ಬೇರೆಯವರ ಸೊತ್ತು. ಹಕ್ಕಿನವರು ಕ್ಲೈಮ್ ಹಾಕಿದರೆ ಬರುವ ಕಾಸು ಅವರಿಗೇ ಹೋಗಬಹುದು. ನಿನ್ನ ಸ್ವಂತ ಹನ್ನೆರಡು ಹಾಡಿವೆಯಲ್ಲ, ಅವನ್ನು ಹಾಡು. ಊರಲ್ಲೇ ಕೆಲಸವೂ ಇದೆ. ಜಾತ್ರೆ, ಸೇಲು, ಚುನಾವಣೆ ಬಂದಾಗ ಆಟೋಗೆ ಮೈಕು ಕಟ್ಟಿ ದಿನವಿಡೀ ಕೂಗಿಸುತ್ತಾರೆ. ಅದನ್ನು ಚೊಕ್ಕಟವಾಗಿ ರೆಕಾರ್ಡ್ ಮಾಡಿಕೊಡುವವರು ಬೇಕು. ಮದುವೆ ವಿಡಿಯೋದವರಿಗೆ ಹಿನ್ನೆಲೆ ಮಾತು ಬೇಕು. ಗಾಂಧಿನಗರದಲ್ಲೂ ದೊಡ್ಡ ಗಾಯಕರು ಬಂದು ಹಾಡುವ ಮುಂಚೆ ಮಾದರಿಗೆ ಅಂತ ಟ್ರ್ಯಾಕ್ ಹಾಡುವವರನ್ನು ಹುಡುಕುತ್ತಲೇ ಇರುತ್ತಾರೆ. ಈಗಂತೂ ಮನೆಯಿಂದಲೇ ಹಾಡಿ ಕಳಿಸಿ ಅನ್ನುವವರೂ ಇದ್ದಾರೆ. ಅಂಥವರು ನಿನ್ನನ್ನು ಕೇಳೋದು ಯಾವ ಮೈಕು ಅಂತ ಅಲ್ಲ. ಹಿಂದೆ ಫ್ಯಾನಿನ ಸದ್ದು ಇಲ್ಲ ತಾನೇ, ಸಂಜೆಯೊಳಗೆ ಬರುತ್ತೆ ತಾನೇ, ಇಷ್ಟೇ. ಈ ಹದಿನೈದು ಸಾವಿರದ ಸಾಮಾನು ತನ್ನ ಅಸಲನ್ನು ತಾನೇ ದುಡಿದು ತಂದ ಮೇಲೆ ಮುಂದಿನ ಸಾಮಾನಿನ ಮಾತು. ಆಗ ಕಂಡೆನ್ಸರ್ ಮೈಕು ತಗೊಳ್ಳೋಣ, ನಾನೇ ಜೊತೆಗೆ ಬರ್ತೀನಿ.

ಹದಿನೈದು ಸಾವಿರವೂ ಈಗ ಕೈಯಲ್ಲಿಲ್ಲ ಅಂತೀಯಾ? ಸರಿ. ಇವತ್ತು ರಾತ್ರಿ ಕಂಬಳಿ ಕಟ್ಟು, ಫ್ಯಾನು ಆರಿಸು, ಫೋನನ್ನು ಪುಸ್ತಕಗಳ ಮೇಲೆ ಬಾಯಿಯ ಎತ್ತರಕ್ಕೆ ಇಟ್ಟು ಒಂದು ಹಾಡು ಹಾಡಿ ಕೇಳು. ಕಂಬಳಿ ಬಿಚ್ಚಿ ಅದೇ ಹಾಡು ಇನ್ನೊಂದು ಸಲ. ಎರಡನ್ನೂ ನನಗೆ ಕಳಿಸು, ಯಾವುದು ಯಾವುದು ಅಂತ ಬರೆಯಬೇಡ. ನಾನೇ ಹೇಳ್ತೀನಿ.

ಮಂಡಿಯ ಸಂಬಳದಲ್ಲಿ ಕೂಡಿಟ್ಟು ಮೈಕು ತಂದ ದಿನ ಮೊದಲು ನೀನು ಹಾಡಬೇಡ. ಅಮ್ಮನನ್ನು ಕರೆದು ಮೂಲೆಯಲ್ಲಿ ಕೂರಿಸು. ಏನಾದರೂ ಹಾಡು ಬಂದೇ ಬರುತ್ತೆ ಅವರಿಗೆ, ಬರಲ್ಲ ಅಂತಾರೆ, ಬಿಡಬೇಡ. ಸರ ಅವರ ಕೊರಳಲ್ಲಿ ಮೈಕಿಗೆ ತಾಗಿ ಝಣಝಣ ಅನ್ನದ ಹಾಗೆ ಸೆರಗಿನೊಳಗೆ ಹಾಕಿಸು. ಗೇನ್ ಕಡಿಮೆ ಇಡು. ಕೆಂಪು ದೀಪ ನೋಡ್ತಾ ಇರು.